ಹೈಡ್ರೋಜನ್ ಸೇರಿಸುವ ಕ್ರಿಯೆಗೆ ಅಯಾನಿಕ್ ದ್ರವವನ್ನೇ ಯಾಕೆ ಬಳಸುತ್ತಾರೆ?

ದುಬಾರಿ ಲೋಹದ ವೇಗವರ್ಧಕವನ್ನು ಕಳೆದುಕೊಳ್ಳದೆ ಮತ್ತೆ ಮತ್ತೆ ಬಳಸಬಹುದು, ಅದಕ್ಕೇ. ಅಯಾನಿಕ್ ದ್ರವ ಅಂದರೆ ಹೆಚ್ಚು ಕಾಯಿಸದೆಯೂ ದ್ರವವಾಗಿರುವ ಲವಣ. ಅದರ ತುಂಬ ಇರುವುದು ಧನ, ಋಣ ಅಯಾನುಗಳೇ. ವೇಗವರ್ಧಕವಾಗಿ ಬಳಸುವ, ವಿದ್ಯುದಾವೇಶ ಇರುವ ರೋಡಿಯಂ ಲೋಹದ ಸಂಯುಕ್ತ ಅದರಲ್ಲಿ ಕರಗಿ ಅಲ್ಲೇ ಉಳಿಯುತ್ತದೆ. 1995ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಈವ್ ಶೋವಾಂ ತಂಡ ಪೆಂಟೀನ್ ಎಂಬ ಹೈಡ್ರೋಕಾರ್ಬನ್‌ಗೆ ಹೈಡ್ರೋಜನ್ ಸೇರಿಸಿ ಇದನ್ನು ತೋರಿಸಿತು. ಪೆಂಟೀನ್ ಸ್ವಲ್ಪ ಸ್ವಲ್ಪವೇ ಒಳಗೆ ಕರಗಿ ಲೋಹವನ್ನು ಮುಟ್ಟುತ್ತದೆ. ಹೈಡ್ರೋಜನ್ ಸೇರಿ ಹುಟ್ಟಿದ ಪೆಂಟೇನ್‌ಗೆ ಆವೇಶವಿಲ್ಲ, ಅಯಾನುಗಳ ಜೊತೆ ಅಷ್ಟಾಗಿ ಬೆರೆಯುವುದಿಲ್ಲ. ನೀರಿನ ಮೇಲೆ ಎಣ್ಣೆ ನಿಲ್ಲುತ್ತಲ್ವಾ, ಹಾಗೆ ಮೇಲೆ ಪದರವಾಗುತ್ತದೆ. ಅದನ್ನು ಬಸಿದು, ಕೆಳಗಿನ ದ್ರವಕ್ಕೆ ಹೊಸ ಪೆಂಟೀನ್ ಹಾಕಿದರಾಯಿತು. ನನಗೆ ಈ ವಿಧಾನದಲ್ಲಿ ತುಂಬ ಇಷ್ಟವಾಗುವುದು ಈ ಸರಳತೆಯೇ.

ತೊಡಕೂ ಇದೆ. ಹೈಡ್ರೋಜನ್ ಇದರಲ್ಲಿ ಕರಗುವುದು ಬಹಳ ಕಡಿಮೆ, ದ್ರವವೂ ಮಂದ. ಹಾಗಾಗಿ ಒತ್ತಡ ಕೊಟ್ಟು ಜೋರಾಗಿ ಕಲಕುತ್ತಲೇ ಇರಬೇಕು.