ಗಿಡದ ಪಾಠಕ್ಕೆ ಗಿಡವೇ ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆಗಳಲ್ಲಿ ಗಿಡಮರಗಳ ಪಾಠ ಹೇಗೆ ನಡೆಯುತ್ತಿದೆ, ಹೇಗೆ ನಡೆಯಬೇಕು ಎಂಬುದನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿದವನಾಗಿ, ತರಗತಿಯಲ್ಲಿ ಮಾಡಿ ನೋಡಿದ್ದನ್ನೇ ಹೆಚ್ಚಾಗಿ ಆಧರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಆರನೇ ತರಗತಿಗೆ ಹೂವಿನ ಭಾಗಗಳ ಪಾಠ ಮಾಡುವಾಗ ಪ್ರತಿ ವರ್ಷವೂ ದಾಸವಾಳವನ್ನು ತರುತ್ತೇನೆ. ಮಕ್ಕಳು ಪುಷ್ಪದಳ, ಕೇಸರ, ಶಲಾಕೆ ಎಂದು ಹೆಸರುಗಳನ್ನು ತಪ್ಪಿಲ್ಲದೆ ಹೇಳುತ್ತಾರೆ. ಆದರೆ ಹೂವೇ ಕಾಯಿಯಾಗುತ್ತದೆ ಎಂಬ ಮುಖ್ಯ ಸಂಗತಿ ಅವರ ಮನಸ್ಸಿಗೆ ಇಳಿದಂತೆ ಕಾಣುವುದಿಲ್ಲ. ಏನು ಮಾಡಲಿ?
— ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಮೇಡಂ, ದಾಸವಾಳವನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಹೂವು ದೊಡ್ಡದು, ವರ್ಷದ ಹೆಚ್ಚು ದಿನ ಸಿಗುತ್ತದೆ. ಐದು ಎಸಳು, ನಡುವೆ ಉದ್ದಕ್ಕೆ ಚಾಚಿಕೊಂಡ ಕೇಸರನಾಳ, ಅದರ ತುದಿಯಿಂದ ಇಣುಕುವ ಐದು ಶಲಾಕಾಗ್ರಗಳು ಬರಿಗಣ್ಣಿಗೇ ಕಾಣುತ್ತವೆ. ತೊಡಕಿರುವುದು ಬೇರೆ ಕಡೆ. ನಮ್ಮ ಅಂಗಳದ ದಾಸವಾಳ ಕಾಯಿ ಕಟ್ಟುವುದು ಬಲು ಅಪರೂಪ. ಅದನ್ನು ನಾವು ಕಡ್ಡಿ ನೆಟ್ಟೇ ಬೆಳೆಸುತ್ತೇವೆ. ಹೂವು ಕಾಯಿಯಾಗುತ್ತದೆ ಎಂದು ಹೇಳಿಕೊಡುವ ಹೊತ್ತಿನಲ್ಲಿ, ಕಾಯಿ ಬಿಟ್ಟದ್ದನ್ನು ಮಕ್ಕಳು ಎಂದೂ ಕಂಡಿರದ ಗಿಡದ ಹೂವನ್ನು ಅವರ ಕೈಗೆ ಕೊಟ್ಟರೆ, ಅವರು ನಮ್ಮ ಮಾತನ್ನು ನಂಬಬೇಕೇ ಹೊರತು ತಾವೇ ಕಂಡು ಒಪ್ಪುವಂತಿಲ್ಲ. ಹಲವು ಸುತ್ತು ಎಸಳಿರುವ ದಾಸವಾಳವನ್ನಂತೂ ಈ ಪಾಠಕ್ಕೆ ತರಬೇಡಿ. ಅದರಲ್ಲಿ ಕೇಸರಗಳೇ ಬಹುಮಟ್ಟಿಗೆ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ, ಪುಸ್ತಕದ ಚಿತ್ರವನ್ನು ಹೂವಿನಲ್ಲಿ ಹುಡುಕುವ ಮಗುವಿಗೆ ಗೊಂದಲವೇ ಉಳಿಯುತ್ತದೆ.

ಅದೇ ಕುಟುಂಬಕ್ಕೆ ಸೇರಿದ ಬೆಂಡೆಯನ್ನು ಶಾಲೆಯ ಅಂಗಳದಲ್ಲಿ ಹಾಕಿಸಿ ನೋಡಿ. ಬೀಜವನ್ನು ರಾತ್ರಿ ನೆನೆಹಾಕಿ ಮರುದಿನ ಊರಿದರೆ ವಾರದೊಳಗೆ ಮೊಳಕೆ ಮೇಲೆ ಬರುತ್ತದೆ. ಎರಡು ಬೀಜದಳಗಳು ಮಣ್ಣನ್ನು ಸೀಳಿಕೊಂಡು ಏಳುವುದನ್ನು ಮಕ್ಕಳು ಆಗಲೇ ಬರೆದಿಟ್ಟುಕೊಳ್ಳಲಿ. ಸುಮಾರು ಒಂದೂವರೆ ತಿಂಗಳಲ್ಲಿ ಮೊಗ್ಗು ಕಾಣುತ್ತದೆ. ಆಗ ಪ್ರತಿ ಮಗುವಿಗೂ ಒಂದೊಂದು ಮೊಗ್ಗನ್ನು ಒಪ್ಪಿಸಿ, ಅದರ ತೊಟ್ಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿಸಿ. ಬೆಂಡೆಯ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುವಂಥದ್ದು. ತಿಳಿಹಳದಿ ಎಸಳು, ಒಳಗೆ ಬುಡದಲ್ಲಿ ಗಾಢ ಕೆಂಪು. ಮರುದಿನ ಮಕ್ಕಳು ಬಂದು ನೋಡುವಾಗ ಎಸಳುಗಳು ಮುದುಡಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೆಲ್ಲನೆ ಎಳೆದರೆ ಎಸಳೂ ಕೇಸರನಾಳವೂ ಒಟ್ಟಿಗೇ ಕಳಚಿ ಬರುತ್ತವೆ, ಕೆಳಗೆ ಬೆರಳಿನ ಉಗುರಿನಷ್ಟುದ್ದದ, ಮೈತುಂಬ ನವಿರು ರೋಮಗಳಿರುವ ಹಸಿರು ಹೀಚು ನಿಂತಿರುತ್ತದೆ. ಅಂಡಾಶಯ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕಾದ ಗಳಿಗೆ ಅದು, ಅದಕ್ಕೆ ಮೊದಲಲ್ಲ.

ಆರೇಳು ದಿನಗಳಲ್ಲಿ ಆ ಹೀಚು ಸಾರಿಗೆ ಹಾಕುವಷ್ಟು ಬೆಳೆದಿರುತ್ತದೆ. ಒಂದನ್ನು ಅಡ್ಡಲಾಗಿ ಕೊಯ್ದರೆ ಸಾಮಾನ್ಯವಾಗಿ ಐದು ಕೋಣೆಗಳು, ನಡುವಿನ ಅಕ್ಷಕ್ಕೆ ಅಂಟಿಕೊಂಡ ಬೀಜಗಳು ಕಾಣುತ್ತವೆ. ಕೆಲವು ನಾಟಿ ತಳಿಗಳಲ್ಲಿ ಏಣುಗಳೂ ಕೋಣೆಗಳೂ ಹೆಚ್ಚಿರುವುದುಂಟು, ಆಗ ಮಕ್ಕಳು ಎಣಿಸಿದ ಸಂಖ್ಯೆಯನ್ನೇ ಬರೆಯಲಿ. ಅದೇ ದಿನ ದಾಸವಾಳದ ಹೂವಿನ ಬುಡವನ್ನು ಬ್ಲೇಡಿನಿಂದ ನೀವೇ ಕೊಯ್ದು ತೋರಿಸಿದರೆ, ಅಲ್ಲಿಯೂ ಅಂಥವೇ ಐದು ಕೋಣೆಗಳಿರುವುದನ್ನು ಅವರು ಹೋಲಿಸಿ ನೋಡಬಲ್ಲರು. ಕೊಯ್ಯದೆ ಬಿಟ್ಟ ಒಂದೆರಡು ಕಾಯಿಗಳು ಗಿಡದಲ್ಲೇ ಒಣಗಿ ಬಿರಿಯಲಿ, ಆ ಬೀಜ ಮುಂದಿನ ವರ್ಷದ ಆರನೇ ತರಗತಿಗೆ ಸಲ್ಲಲಿ.

ಇನ್ನೊಂದು ಮಾತು. ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಬೆಳವಣಿಗೆಯ ಒಂದೊಂದು ಹಂತಕ್ಕೂ ನಮ್ಮ ಮಾತಿನಲ್ಲಿ ಬೇರೆ ಬೇರೆ ಹೆಸರಿದೆ. ಮಕ್ಕಳು ಮನೆಯಿಂದ ತರುವ ಈ ಪದಗಳನ್ನು ಪಕ್ಕಕ್ಕೆ ಸರಿಸಬಾರದು. ಅಡಿಕೆಯ ಹೊಂಬಾಳೆಯನ್ನು ನೋಡಿ ಬೆಳೆದ ಮಗುವಿಗೆ ಪುಷ್ಪಮಂಜರಿ ಎಂಬುದು ಹೊಸ ಹೆಸರು ಅಷ್ಟೆ, ಹೊಸ ವಸ್ತುವಲ್ಲ.

ಪ್ರಶ್ನೆ: ಏಳನೇ ತರಗತಿಯಲ್ಲಿರುವ ನನ್ನ ಮಗ, ಗಿಡಗಳು ಬೇರಿನಿಂದ ಮಣ್ಣನ್ನೂ ಗೊಬ್ಬರವನ್ನೂ ತಿಂದು ಬೆಳೆಯುತ್ತವೆ ಎಂದೇ ವಾದಿಸುತ್ತಾನೆ. ಎಲೆಯಲ್ಲಿ ಆಹಾರ ತಯಾರಾಗುತ್ತದೆ ಎಂದು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದಾನೆ. ಎರಡೂ ಅವನ ತಲೆಯಲ್ಲಿ ಒಟ್ಟಿಗೆ ಹೇಗಿವೆ?
— ತಾಯಿ, ಮೈಸೂರು

ಉತ್ತರ: ನಿಮ್ಮ ಮಗ ಒಬ್ಬನೇ ಅಲ್ಲ ತಾಯಿ. ಗೊಬ್ಬರ ಹಾಕುವುದನ್ನು ನಾವೇ ಗಿಡಕ್ಕೆ ಊಟ ಕೊಡುವುದು ಎನ್ನುತ್ತೇವೆ, ಮಗು ಆ ಮಾತನ್ನು ನಂಬಿದೆ. ವಾದಿಸಿ ಇದನ್ನು ತಿದ್ದಲಾಗದು, ತೂಗಿ ತಿದ್ದಬೇಕು. ಯೂರೋಪಿನ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸ ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಎರೆದ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾದದ್ದು ಸುಮಾರು ಎರಡು ಔನ್ಸ್, ಎಂದರೆ 60 ಗ್ರಾಮಿಗೂ ಕಡಿಮೆ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದೆಂದು ಅವನು ತಿಳಿದದ್ದು ಪೂರ್ತಿ ಸರಿಯಲ್ಲ, ಗಾಳಿಯ ಲೆಕ್ಕ ಅವನಿಗೆ ಸಿಕ್ಕಿರಲಿಲ್ಲ. ಮಣ್ಣಿನಿಂದ ಆದದ್ದಲ್ಲ ಎಂಬ ಭಾಗ ಮಾತ್ರ ಬಹುಮಟ್ಟಿಗೆ ನಿಂತಿದೆ.

ಮನೆಯಲ್ಲಿ ತೋರಿಸುವುದಾದರೆ ನೀರೊಲೆಯ ಮುಂದೆ ಕೂರಿಸಿ. ಹತ್ತು ಕಿಲೋ ಒಣ ಸೌದೆ ಪೂರ್ತಿ ಉರಿದು ಹೋದ ಮೇಲೆ ಉಳಿಯುವ ಬೂದಿಯನ್ನು ಅವನೇ ಗೋರಿ ತೂಗಲಿ; ಒಂದೆರಡು ನೂರು ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಮರವು ಮಣ್ಣಿನಿಂದ ಎತ್ತಿಕೊಂಡ ಸುಣ್ಣ, ಪೊಟ್ಯಾಸಿಯಂ ಮುಂತಾದ ಲವಣಗಳು ಉಳಿದಿರುವುದು ಆ ಬೂದಿಯಲ್ಲಿ. ಮಿಕ್ಕದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಎಲೆಯಲ್ಲಿ ಕಟ್ಟಿದ್ದು, ಈಗ ಹಬೆಯಾಗಿ ಅನಿಲವಾಗಿ ಗಾಳಿಗೇ ಹಿಂದಿರುಗಿದೆ. ಲವಣಗಳು ತೂಕದಲ್ಲಿ ಅಲ್ಪವಾದರೂ ಅವಿಲ್ಲದೆ ಗಿಡ ಬಾಳದು. ಗೊಬ್ಬರದ ಕೆಲಸ ಅದು ಎಂಬುದನ್ನೂ ಸೇರಿಸಿ ಹೇಳಿ, ಇಲ್ಲವಾದರೆ ಗೊಬ್ಬರವೇ ಬೇಡವೆಂಬ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟೀತು.

ಪ್ರಶ್ನೆ: ಎಲೆಯಲ್ಲಿ ಪಿಷ್ಟವಿದೆಯೆಂದು ತೋರಿಸುವ ಅಯೋಡಿನ್ ಪ್ರಯೋಗ ನನ್ನ ತರಗತಿಯಲ್ಲಿ ಪದೇ ಪದೇ ಕೆಡುತ್ತದೆ. ಕಪ್ಪು ಕಾಗದ ಮುಚ್ಚಿದ ಭಾಗವೂ ನೀಲಿಯಾಗುತ್ತದೆ, ಕೆಲವೊಮ್ಮೆ ಇಡೀ ಎಲೆಯೇ ನೀಲಿಯಾಗುವುದಿಲ್ಲ.
— ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಹಾವೇರಿ

ಉತ್ತರ: ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಯಾಗುತ್ತದೆ, ಬೆಳಕು ತಾಗದ ಭಾಗದಲ್ಲಿ ಹೊಸ ಪಿಷ್ಟ ಆಗುವುದಿಲ್ಲ. ಮುಚ್ಚಿದ ಭಾಗವೂ ನೀಲಿಯಾದರೆ, ಎಲೆಯಲ್ಲಿ ಹಿಂದಿನ ದಿನಗಳ ಪಿಷ್ಟ ಉಳಿದಿತ್ತೆಂದು ತಿಳಿಯಿರಿ. ಕುಂಡದ ಗಿಡವನ್ನು ಎರಡು ಮೂರು ದಿನ ಕತ್ತಲೆಯಲ್ಲಿಟ್ಟು, ಅದರದೊಂದು ಎಲೆಯನ್ನು ಪರೀಕ್ಷಿಸಿ ಪಿಷ್ಟ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಕಾಗದ ಅಂಟಿಸಿ ಬಿಸಿಲಿಗಿಡಬೇಕು. ಎಲೆಯೇ ನೀಲಿಯಾಗದಿದ್ದರೆ ಮೋಡದ ದಿನವಾಗಿರಬಹುದು, ಪತ್ರಹರಿತ್ತು ಪೂರ್ತಿ ಹೋಗಿರಲಿಕ್ಕಿಲ್ಲ, ಅಥವಾ ಎಲೆಯ ಆಯ್ಕೆಯೇ ತಪ್ಪಿರಬಹುದು. ಈರುಳ್ಳಿಯಂಥ ಗಿಡಗಳು ಎಲೆಯಲ್ಲಿ ಪಿಷ್ಟದ ಬದಲು ಸಕ್ಕರೆಯನ್ನೇ ಇಟ್ಟುಕೊಳ್ಳುತ್ತವೆ. ಹುರುಳಿಕಾಯಿ ಗಿಡದ ತೆಳು ಎಲೆ ಈ ಪ್ರಯೋಗಕ್ಕೆ ಚೆನ್ನಾಗಿ ಒದಗುತ್ತದೆ.

ಪ್ರಯೋಗ ಕೆಟ್ಟಾಗ ಮಕ್ಕಳಿಂದ ಸರಿಯಾದ ಉತ್ತರವನ್ನು ಮಾತ್ರ ಬರೆಸಿ ಮುಗಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಡದ್ದೇ ಒಂದು, ಬರೆದದ್ದೇ ಒಂದು ಎಂಬುದನ್ನು ಹದಿಹರೆಯದ ಮಕ್ಕಳು ಬಹಳ ಬೇಗ ಗುರುತಿಸುತ್ತಾರೆ, ವಿಜ್ಞಾನದ ಮೇಲಿನ ಅವರ ವಿಶ್ವಾಸ ಅಲ್ಲಿಂದಲೇ ಸಡಿಲವಾಗುತ್ತದೆ. ಮುಚ್ಚಿದ ಭಾಗ ನೀಲಿಯಾದದ್ದೇಕೆ ಎಂದು ಅವರನ್ನೇ ಕೇಳಿ. ಹಳೆಯ ಪಿಷ್ಟ ಎಂಬ ಉತ್ತರ ತರಗತಿಯಿಂದಲೇ ಬರುವವರೆಗೆ ಕಾಯಬಹುದು.

ಎಲೆಯ ಪತ್ರಹರಿತ್ತನ್ನು ತೆಗೆಯಲು ಬಳಸುವ ಸ್ಪಿರಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಮಯ ಉಳಿಸಲೆಂದು ಸ್ಪಿರಿಟ್ ತುಂಬಿದ ಬೀಕರನ್ನು ನೇರವಾಗಿ ಉರಿಯ ಮೇಲಿಟ್ಟಿದ್ದೆ. ಆವಿಗೆ ಬೆಂಕಿ ಹತ್ತಿ, ಪಕ್ಕದಲ್ಲಿ ನಿಂತಿದ್ದ ಹುಡುಗನ ಅಂಗೈ ಸುಟ್ಟಿತು. ತಪ್ಪು ಪೂರ್ತಿ ನನ್ನದು, ಇಂದಿಗೂ ಅದು ನನ್ನನ್ನು ಬಿಟ್ಟಿಲ್ಲ. ನೀರನ್ನು ಮೊದಲು ಕುದಿಸಿ, ಒಲೆಯನ್ನು ಆರಿಸಿದ ಮೇಲೆ, ಎಲೆ ಮತ್ತು ಸ್ಪಿರಿಟ್ ಇರುವ ಪ್ರನಾಳವನ್ನು ಆ ಬಿಸಿನೀರಿನಲ್ಲಿ ಇಳಿಬಿಡಿ. ಸ್ಪಿರಿಟ್ 78 ಡಿಗ್ರಿಯ ಹೊತ್ತಿಗೇ ಕುದಿಯುವುದರಿಂದ ಅಷ್ಟು ಶಾಖ ಸಾಕು.

ಪ್ರಶ್ನೆ: ಅಶ್ವತ್ಥಮರ ರಾತ್ರಿಯಲ್ಲಿಯೂ ಆಮ್ಲಜನಕ ಬಿಡುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಶಾಲೆಯಲ್ಲಿ ಬೇರೆ ಹೇಳುತ್ತಾರೆ. ಯಾವುದು ನಿಜ?
— ಒಂಬತ್ತನೇ ತರಗತಿಯ ವಿದ್ಯಾರ್ಥಿ, ಶಿರಸಿ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನಿನ್ನದು ನನಗೆ ಬಹಳ ಮೆಚ್ಚುಗೆಯಾಯಿತು. ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆದಾಗ ಆಮ್ಲಜನಕ ಹೊರಬರುತ್ತದೆ. ಅದು ನೀರಿನಿಂದಲೇ ಬರುತ್ತದೆಂದು 1941ರಲ್ಲಿ ರುಬೆನ್ ಮತ್ತು ಕಾಮೆನ್ ಎಂಬ ವಿಜ್ಞಾನಿಗಳು, ಹೆಚ್ಚು ಭಾರದ ಆಮ್ಲಜನಕ ಸೇರಿದ ನೀರನ್ನು ಬಳಸಿ ತೋರಿಸಿದರು. ಬೆಳಕಿಲ್ಲದಲ್ಲಿ ಈ ಕೆಲಸ ನಡೆಯದು. ಆದ್ದರಿಂದ ಅಶ್ವತ್ಥವಾಗಲಿ ಬೇರಾವ ಮರವಾಗಲಿ ರಾತ್ರಿಯಲ್ಲಿ ಆಮ್ಲಜನಕವನ್ನು ತಯಾರಿಸುವುದಿಲ್ಲ, ನಮ್ಮಂತೆಯೇ ಉಸಿರಾಡುತ್ತದೆ.

ಆದರೆ ರಾತ್ರಿಯಲ್ಲಿ ಒಂದು ವಿಶೇಷವನ್ನು ಮಾಡುವ ಗಿಡಗಳಿವೆ. ಕಾಡುಬಸಳೆ, ಅನಾನಸು, ಪಾಪಾಸುಕಳ್ಳಿ ಮೊದಲಾದವು ಹಗಲಿನ ಬಿಸಿಲಿನಲ್ಲಿ ನೀರು ನಷ್ಟವಾಗದಂತೆ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು, ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗಲಿನಲ್ಲಿ ಆ ಆಮ್ಲವನ್ನು ಬಿಡಿಸಿ ಸಕ್ಕರೆ ಮಾಡುತ್ತವೆ. ಇಲ್ಲಿಯೂ ಆಮ್ಲಜನಕ ಬರುವುದು ಹಗಲಿನಲ್ಲೇ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಹೊತ್ತು ಏರಿದಂತೆ ಹುಳಿ ಇಳಿಯುತ್ತದೆ ಎಂಬುದನ್ನು ಭಾರತದಲ್ಲಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ ಬರೆದದ್ದು 1815ರಲ್ಲಿ ಪ್ರಕಟವಾಯಿತು. ನಮ್ಮ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡವರು ಅವರು.

ನೀನೂ ಇದನ್ನು ಮಾಡಿ ನೋಡು, ಆದರೆ ಬಾಯಿಗೆ ಹಾಕಬೇಡ. ಆ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ಪದಾರ್ಥಗಳಿವೆ. ಸೂರ್ಯ ಹುಟ್ಟುವ ಮೊದಲು ಒಂದು ಎಲೆ, ಸಂಜೆ ಅದೇ ಗಿಡದ ಅಷ್ಟೇ ದೊಡ್ಡ ಇನ್ನೊಂದು ಎಲೆ ಕಿತ್ತು, ಬೇರೆ ಬೇರೆಯಾಗಿ ಜಜ್ಜಿ, ಹುಳಿ ಎಷ್ಟಿದೆಯೆಂದು ಬಣ್ಣದಿಂದ ತೋರಿಸುವ ಪಿಎಚ್ ಕಾಗದವನ್ನು ರಸಕ್ಕೆ ತಾಗಿಸು. ಪ್ರಯೋಗಾಲಯದಲ್ಲಿ ಶಿಕ್ಷಕರನ್ನು ಕೇಳಿದರೆ ಕಾಗದ ಸಿಗುತ್ತದೆ. ಐದು ದಿನದ ಅಂಕಿಗಳನ್ನು ಬರೆದಿಡು, ಮೋಡವಿದ್ದ ದಿನವನ್ನು ಬೇರೆಯಾಗಿ ಗುರುತು ಮಾಡು. ಮನೆಯವರೊಡನೆ ವಾದಕ್ಕಿಳಿಯುವುದು ಬೇಡ. ಅಶ್ವತ್ಥದ ನೆರಳನ್ನೂ ಅದರ ಹಣ್ಣನ್ನು ನಂಬಿದ ಹಕ್ಕಿಗಳನ್ನೂ ಬಲ್ಲವರು ಅದನ್ನು ಗೌರವಿಸುವುದು ಸರಿಯಾಗಿಯೇ ಇದೆ.

ಪ್ರಶ್ನೆ: ನಮ್ಮದು ಮೂರು ಅಂತಸ್ತಿನ ಶಾಲೆ, ಮಣ್ಣೇ ಇಲ್ಲ. ಸಸ್ಯಗಳ ಪಾಠಕ್ಕೆ ಏನು ಮಾಡಬಹುದು?
— ಮುಖ್ಯ ಶಿಕ್ಷಕಿ, ಬೆಂಗಳೂರು

ಉತ್ತರ: ಶಾಲೆಯ ಮುಂದಿನ ರಸ್ತೆಯಲ್ಲಿ ಹೊಂಗೆಯೋ ಬೇವೋ ಇದ್ದೇ ಇರುತ್ತದೆ. ತರಗತಿಗೆ ಒಂದು ಮರವನ್ನು ಗೊತ್ತುಮಾಡಿ, ವಾರಕ್ಕೊಮ್ಮೆ ಅದೇ ದಿನ ಹೋಗಿ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ ಎಷ್ಟೆಷ್ಟಿವೆ ಎಂದು ಬರೆಸಿ. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ದೇಶದ ಅನೇಕ ಶಾಲೆಗಳ ಮಕ್ಕಳು ಇದನ್ನೇ ಮಾಡುತ್ತಿದ್ದಾರೆ, ನಿಮ್ಮ ಮಕ್ಕಳ ದಾಖಲೆಯೂ ಅಲ್ಲಿ ಸೇರಬಹುದು. ಹೊರಡುವ ಮೊದಲು ಎಕ್ಕದ ಹಾಲು ಕಣ್ಣಿಗೆ ತಾಗಬಾರದೆಂದೂ ಕಣಗಿಲೆ, ಉಮ್ಮತ್ತಿ, ಗುಲಗಂಜಿ ಬಾಯಿಗೆ ಹೋಗಬಾರದೆಂದೂ ಮಕ್ಕಳಿಗೆ ಆ ಗಿಡಗಳನ್ನೇ ತೋರಿಸಿ ಹೇಳಿಕೊಡಿ. ಡಿಸೆಂಬರಿನಲ್ಲಿ ಆರಂಭಿಸಿದರೆ ಒಳ್ಳೆಯದು. ಹೊಂಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಳೆಯುವ ಎಳೆಹಸಿರು ಹೊದೆಯುವುದನ್ನು ಮಕ್ಕಳು ಆ ಶೈಕ್ಷಣಿಕ ವರ್ಷದೊಳಗೇ ಕಾಣಬಹುದು.