ಬೇಗ ಹುಟ್ಟಿದ ಮಗುಗೆ ಈಗ್ಲೇ ಥೆರಪಿ ಬೇಕಾ, ಸ್ವಲ್ಪ ಕಾಯಬಹುದಾ?

ಮಗು 32 ವಾರಕ್ಕೇ ಹುಟ್ಟಿದೆ, ಈಗ 6 ತಿಂಗಳು, ಡಾಕ್ಟ್ರು ಅರ್ಲಿ ಇಂಟರ್ವೆನ್ಷನ್‌ಗೆ (ಅಂದ್ರೆ ಮಗುವಿನ ಬೆಳವಣಿಗೆಗೆ ಚಿಕ್ಕಂದಿನಿಂದ್ಲೇ ಕೊಡೋ ಥೆರಪಿ, ಸಪೋರ್ಟ್) ಹೋಗಿ ಅಂದಿದಾರೆ ಅಂತ ಬರ್ದಿದೀರ. ಹೋಗಿ, ಕಾಯ್ಬೇಡಿ. ಹಾಗಂತ ಮಗುಗೆ ಏನೋ ಆಗ್ಬಿಟ್ಟಿದೆ ಅಂತಲ್ಲ, ಬೇಗ ಹುಟ್ಟಿದವು, 2.5 ಕೆಜಿಗಿಂತ ಕಮ್ಮಿ ತೂಕದವು, ಇವಕ್ಕೆ ಬೆಳವಣಿಗೆ ಹಿಂದೆ ಬೀಳೋ ರಿಸ್ಕ್ ಜಾಸ್ತಿ ಅಷ್ಟೇ, ಮೊದಲ 3 ವರ್ಷ ಮೆದುಳು ತುಂಬಾ ಸ್ಪೀಡಾಗಿ ಬೆಳೆಯುತ್ತೆ, ಅದಕ್ಕೇ ಆಗ ಕೊಟ್ಟ ಸಪೋರ್ಟ್ ಚೆನ್ನಾಗಿ ಹತ್ತುತ್ತೆ.

ಆಮೇಲೆ ಕರೆಕ್ಟೆಡ್ ವಯಸ್ಸು ನೋಡಿ, ಅಂದ್ರೆ ಹುಟ್ಟಬೇಕಿದ್ದ ದಿನದಿಂದ ಎಣಿಸೋ ವಯಸ್ಸು. 40 ವಾರಕ್ಕೆ 8 ವಾರ ಮುಂಚೆ ಹುಟ್ಟಿದ್ರಿಂದ ನಿಮ್ಮ ಮಗುಗೆ ಬೆಳವಣಿಗೆ ಲೆಕ್ಕದಲ್ಲಿ ಈಗ ಸುಮಾರು 4 ತಿಂಗಳು, 2 ವರ್ಷದವರೆಗೂ ಹೀಗೇ ಲೆಕ್ಕ ಹಾಕ್ತಾರೆ (ನಮ್ ಮಗು ಆಗ್ಲೇ ಕೂತ್ಕೊಳ್ತಿತ್ತು ಅನ್ನೋರ ಮಾತು ತಲೆಗೆ ಹಾಕ್ಕೋಬೇಡಿ).

ಥೆರಪಿಸ್ಟ್ ಸಿಗೋದು ವಾರಕ್ಕೆ ಎಲ್ಲೋ ಒಂದೆರಡು ಗಂಟೆ, ಮಿಕ್ಕಿದ್ದೆಲ್ಲ ನೀವೇ, ಹಂಗಾಗಿ ಒಳ್ಳೆ ಕಡೆ ಅಪ್ಪ ಅಮ್ಮಂಗೇ ಕಲಿಸ್ತಾರೆ, ಹೇಗೆ ಎತ್ಕೊಳ್ಳೋದು, ಎಚ್ಚರ ಇದ್ದಾಗ ಬೋರಲು ಮಲಗ್ಸಿ ಹೇಗೆ ಆಡ್ಸೋದು, ಬಟ್ಟೆ ಬದಲಿಸ್ತಾ ಹೇಗೆ ಮಾತಾಡ್ಸೋದು ಅಂತ. ನೋಡೋರಿಗೆ ಬರೀ ಆಟ ಅನ್ಸುತ್ತೆ. ಕಿವಿ ಟೆಸ್ಟ್ ಇನ್ನೂ ಆಗಿಲ್ಲ ಅಂದ್ರೆ ಅದನ್ನ ಮೊದಲು ಮಾಡ್ಸಿ. ಥೆರಪಿಗೆ ಹೋದಾಗ ಅಲ್ಲಿಯವ್ರು ನಿಮ್ಮ ನಿದ್ದೆ, ಮನಸ್ಸು ಹೇಗಿದೆ ಅಂತಾನೂ ಕೇಳಬಹುದು, ಮುಚ್ಚಿಡದೆ ಹೇಳಿ.