ಲೋಹವೇ ಇಲ್ಲದ ಸ್ಫೋಟಕ ಬ್ಯಾಗಿನ ಎಕ್ಸ್-ರೇಯಲ್ಲಿ ಹೇಗೆ ಗೊತ್ತಾಗುತ್ತದೆ?

ಲೋಹ ಇಲ್ಲದಿದ್ದರೆ ಎಕ್ಸ್-ರೇಗೆ ಏನು ಕಾಣುತ್ತದೆ ಎಂದು ಕೇಳಿದ್ದೀರಿ. ಈ ಯಂತ್ರದ ಮುಂದೆ ಕೂತು ಕೆಲಸ ಮಾಡಿದವನು ನಾನು, ತಿಳಿದಷ್ಟು ಹೇಳುತ್ತೇನೆ.

ಬ್ಯಾಗು ಒಳಗೆ ಹೋದಾಗ ಯಂತ್ರ ಕಡಿಮೆ ಶಕ್ತಿಯ ಕಿರಣ, ಹೆಚ್ಚು ಶಕ್ತಿಯ ಕಿರಣ ಎರಡನ್ನೂ ಅಳೆಯುತ್ತದೆ. ಕಬ್ಬಿಣದಂಥ ಲೋಹ ಕಡಿಮೆ ಶಕ್ತಿಯದ್ದನ್ನು ಜಾಸ್ತಿ ತಡೆಯುತ್ತದೆ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ತುಂಬಿದ ವಸ್ತುಗಳಲ್ಲಿ ಎರಡಕ್ಕೂ ಅಷ್ಟು ವ್ಯತ್ಯಾಸ ಇರುವುದಿಲ್ಲ. ಇದನ್ನು ನೋಡಿ ಯಂತ್ರ ಬಣ್ಣ ಕೊಡುತ್ತದೆ. ಕಬ್ಬಿಣದಂಥ ಲೋಹ ನೀಲಿ, ಅಲ್ಯೂಮಿನಿಯಂನಂಥ ಹಗುರ ಲೋಹ ಹಸಿರು, ಬಟ್ಟೆ-ಪುಸ್ತಕ-ಸೋಪು ಕಿತ್ತಳೆ. ಸ್ಫೋಟಕವೂ ಸಾಮಾನ್ಯವಾಗಿ ಕಿತ್ತಳೆಯೇ. ಕಷ್ಟ ಶುರುವಾಗುವುದೇ ಇಲ್ಲಿ.

ಆಗ ನೆರವಿಗೆ ಬರುವುದು ಸಾಂದ್ರತೆ. ಪ್ಲಾಸ್ಟಿಕ್ ಸ್ಫೋಟಕ ನೀರಿಗಿಂತ ಸಾಕಷ್ಟು ಸಾಂದ್ರ. ಆದರೆ ಒಂದೇ ಕಡೆಯಿಂದ ತೆಗೆದ ಚಿತ್ರದಲ್ಲಿ ತೆಳುವಾದ ಸಾಂದ್ರ ವಸ್ತುವೂ ದಪ್ಪನೆಯ ಹಗುರ ವಸ್ತುವೂ ಒಂದೇ ಥರ ಕಾಣಬಹುದು. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನ ಸ್ಫೋಟಗೊಂಡು 270 ಜನ ಸತ್ತರು. ಬಾಂಬ್ ಇದ್ದದ್ದು ಸೂಟ್‌ಕೇಸಿನ ರೇಡಿಯೋ ಕ್ಯಾಸೆಟ್ ಪ್ಲೇಯರ್ ಒಳಗೆ. ಅದನ್ನು ಓದಿದಾಗೆಲ್ಲ ಈಗಲೂ ಸಂಕಟವಾಗುತ್ತದೆ. ಆಮೇಲೆ ಆಸ್ಪತ್ರೆಯ ಸಿಟಿ ಸ್ಕ್ಯಾನ್ ತಂತ್ರವನ್ನೇ ಬ್ಯಾಗಿಗೂ ತಂದರು. 1994ರಲ್ಲಿ ಅಮೆರಿಕ ಇಂಥ ಮೊದಲ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಬ್ಯಾಗಿನ ಸುತ್ತ ತಿರುಗುತ್ತಾ ಪದರ ಪದರವಾಗಿ ಚಿತ್ರ ತೆಗೆಯುವುದರಿಂದ ಪ್ರತಿ ವಸ್ತುವಿನ ಗಾತ್ರ, ಸಾಂದ್ರತೆ ಬೇರೆ ಬೇರೆಯಾಗಿ ಸಿಗುತ್ತದೆ. ಹಲವು ಕಡೆ ಲ್ಯಾಪ್‌ಟಾಪ್ ಹೊರಗೆ ತೆಗೆಯಿರಿ ಅನ್ನುವುದು ನಿಂತದ್ದೂ ಇದರಿಂದಲೇ.

ಹಾಗಂತ ಕಣ್ಣಿನ ಕೆಲಸ ಮುಗಿದಿಲ್ಲ. ಗಂಟೆಗಟ್ಟಲೆ ಮಾಮೂಲಿ ಬ್ಯಾಗುಗಳನ್ನೇ ನೋಡುತ್ತಿದ್ದರೆ ಗಮನ ಜಾರುತ್ತದೆ, ಅಲ್ವಾ? ಅದಕ್ಕೇ ಯಂತ್ರ ಆಗಾಗ ನಿಜವಾದ ಬ್ಯಾಗಿನ ಚಿತ್ರದೊಳಗೆ ಸುಳ್ಳು ಬಾಂಬಿನ ಚಿತ್ರ ಸೇರಿಸುತ್ತದೆ. ಕಂಡ ಕೂಡಲೇ ಬಟನ್ ಒತ್ತಬೇಕು. ಒತ್ತಿದರೆ 'ಇದು ಪರೀಕ್ಷೆ' ಎಂದು ಪರದೆ ಹೇಳುತ್ತದೆ, ತಪ್ಪಿದರೆ ಅದೂ ದಾಖಲಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಇನ್ನು ಯಂತ್ರ ಸುಮ್ಸುಮ್ನೆ ಕೂಗುವುದೂ ಉಂಟು. ಚಾಕೊಲೇಟ್, ಚೀಸ್ ಗಟ್ಟಿಗಳು ಸಾಂದ್ರತೆಯಲ್ಲಿ ಸ್ಫೋಟಕಕ್ಕೆ ಹತ್ತಿರ ಬರಬಹುದು. ಆಗ ಬ್ಯಾಗು ತೆರೆದು, ಝಿಪ್ಪು, ಹಿಡಿಕೆಗಳ ಮೇಲೆ ಬಟ್ಟೆಯ ಚೂರು ಒರೆಸಿ, ಸ್ಫೋಟಕದ ಕಣ ಅಂಟಿದೆಯೇ ಎಂದು ಇನ್ನೊಂದು ಯಂತ್ರದಲ್ಲಿ ನೋಡುತ್ತಾರೆ. ನಿಮ್ಮ ಬ್ಯಾಗನ್ನು ಹೀಗೆ ಬಿಚ್ಚಿಸಿದರೆ ಗಾಬರಿಯಾಗಬೇಡಿ. ಅವರ ಅನುಮಾನ ಬ್ಯಾಗಿನಲ್ಲಿರುವ ಒಂದು ವಸ್ತುವಿನ ಮೇಲೆ ಅಷ್ಟೇ.